ಲಾರಿಗೆ ನಾಲ್ಕು ಕೊಡ

ಕುಲ್ಸುಮಳ ಮನೆಯಲ್ಲಿ ನೀರು ಬೇಕಾಗಿದ್ದದ್ದು ಇಬ್ಬರು ಮನುಷ್ಯರಿಗೆ, ಒಂದು ಆಡಿಗೆ ಮತ್ತು ಒಂದು ಲಾರಿಗೆ. ಮನುಷ್ಯರದು, ಆಡಿನದು ಎಲ್ಲ ಸೇರಿ ದಿನಕ್ಕೆ ಆರು ಕೊಡ. ಲಾರಿಗೆ ಒಂದು. ಯಲ್ಲಾಪುರದ ಆ ಗಲ್ಲಿಯ ತುದಿಯ ಬಾವಿಯಲ್ಲಿ ಏಳು ಸಲ ಹಗ್ಗ ಎಳೆದು, ಏಳು ಸಲ ನಡೆದು ಬಂದರೆ ಅವಳ ಬೆಳಗು ಮುಗಿಯುತ್ತಿತ್ತು. ದೀಪಾವಳಿ ಕಳೆದ ಮೇಲೆ ಲಾರಿಯ ಒಂದು ಕೊಡ ಎರಡಾಯಿತು. ಸಂಕ್ರಾಂತಿಯ ಹೊತ್ತಿಗೆ ನಾಲ್ಕಾಯಿತು. ಇದನ್ನು ಅವಳು ಎಲ್ಲಿಯೂ ಗುರುತು ಹಾಕಿಟ್ಟಿರಲಿಲ್ಲ. ಅವಳ ಬಲಗಡೆಯ ಸೊಂಟಕ್ಕೆ ಗೊತ್ತಿತ್ತು.

ಗಂಡ ಮುನವ್ವರನಿಗೆ ಗೊತ್ತಿರಲಿಲ್ಲ. ಅವನು ಮುಖ ತೊಳೆದು ಅಂಗಳಕ್ಕೆ ಬರುವಷ್ಟರಲ್ಲಿ ರೇಡಿಯೇಟರ್ ತುಂಬಿರುತ್ತಿತ್ತು. ದಾರಿಯ ನೀರಿಗೆಂದು ಇಟ್ಟ ಸೀಮೆಎಣ್ಣೆ ಡಬ್ಬಗಳೂ ತುಂಬಿ ಲಾರಿಯಲ್ಲಿ ಕೂತಿರುತ್ತಿದ್ದವು. "ನನ್ನ ಲಾರಿ ಸೂರ್ಯ ಹುಟ್ಟೋಕೆ ಮುಂಚೆ ತಯಾರು" ಎಂದು ಅವನು ಪೇಟೆಯಲ್ಲಿ ಹೇಳಿಕೊಳ್ಳುತ್ತಿದ್ದ.

ಇದು ಮೂವತ್ತಾರನೇ ಇಸವಿಯ ಮಾತು. ಲಾರಿ ಅದಕ್ಕಿಂತ ಹತ್ತು ವರ್ಷ ಹಿಂದಿನದು. ಹುಬ್ಬಳ್ಳಿಯಲ್ಲಿ ಇಬ್ಬರ ಕೈ ದಾಟಿ ಮುನವ್ವರನ ಅಂಗಳಕ್ಕೆ ಬಂದಿತ್ತು. ಇದ್ದಿಲು, ಹಲಗೆ, ಸಿರ್ಸಿಯ ಅಡಿಕೆ ಮೂಟೆ, ಏನು ಹೇರಿದರೂ ಹೊರುತ್ತಿತ್ತು. ಆದರೆ ಈಚೆಗೆ ಏರು ದಾರಿ ಬಂದರೆ ಬಾಯಿಂದ ಹಬೆ ಬಿಡುತ್ತಿತ್ತು.

ಒಂದು ಶುಕ್ರವಾರ ಮಧ್ಯಾಹ್ನ ಬಿಳಗಿಯ ಗಾಡಿಯವ ಚೌಡ ಬಂದು ಜಗಲಿಯ ಕೆಳಗೆ ನಿಂತ. ಹುಬ್ಬಳ್ಳಿಗೆ ಬೆಲ್ಲದ ಗಾಡಿ ಹೊಡೆದುಕೊಂಡು ಹೋಗುತ್ತಿದ್ದವನು. ಕುಲ್ಸುಮಳ ಒಬ್ಬಳೇ ಮಗಳು ರಜಿಯಾಳನ್ನು ಸಿದ್ದಾಪುರಕ್ಕೆ ಕೊಟ್ಟಿತ್ತು. ಅಲ್ಲಿಂದ ಮಾತು ತಂದಿದ್ದ.

"ಅಮ್ಮಾ, ನಿಮ್ಮ ಬೀಗಿತ್ತಿ ಹೇಳಿ ಕಳ್ಸಿದಾರೆ. ಸೊಸೆಗೆ ಏಳು ತಿಂಗಳು ತುಂಬ್ತಾ ಬಂತಂತೆ. ಚಂದ್ರ ಕಾಣೋದ್ರೊಳಗೆ ಬಂದ್ರೆ ಕಳಿಸ್ತಾರಂತೆ. ಚಂದ್ರ ಕಂಡ್ಮೇಲೆ ಎಂಟು ಹತ್ತಿತು, ಹೊಸ್ತಿಲು ದಾಟ್ಸೋದಿಲ್ಲ ಅಂದ್ರು."

"ಅವಳು ಹೆಂಗಿದಾಳೆ?" ಎಂದಳು ಕುಲ್ಸುಮ್ ಬಾಗಿಲ ಮರೆಯಿಂದ.

"ನಾ ಬರೋವಾಗ ಬಾವಿ ಹತ್ರ ಇದ್ಲು" ಎಂದ ಚೌಡ. ಆಮೇಲೆ, "ತಲೆ ಮೇಲೊಂದು, ಸೊಂಟದ ಮೇಲೊಂದು" ಎಂದ.

ಚೊಚ್ಚಲ ಬಸುರಿಯನ್ನು ತವರಿಗೆ ಏಳರಲ್ಲಿ ಕರೆತರಬೇಕು, ಇಲ್ಲವೇ ಒಂಬತ್ತರಲ್ಲಿ. ಎಂಟರಲ್ಲಿ ಕೂಡದು. ಆ ಮನೆಗಳಲ್ಲಿ ತಿಂಗಳೆಂದರೆ ಚಂದ್ರನ ತಿಂಗಳು. ಅಂದು ಇಪ್ಪತ್ತನಾಲ್ಕನೇ ಚಂದ್ರ. ಬುಧವಾರ ಸಂಜೆ ಹೊಸ ಚಂದ್ರ ಕಂಡರೂ ಕಂಡೀತು. ಐದು ದಿನ. ಸಿದ್ದಾಪುರಕ್ಕೆ ಸರ್ವಿಸ್ ಮೋಟಾರು ಇತ್ತು. ಆದರೆ ಪರ ಗಂಡಸರ ಮಧ್ಯೆ ಬಸುರಿಯನ್ನು ಕೂರಿಸಿ ಕಳಿಸುವುದಿಲ್ಲ, ಅಪ್ಪನದೇ ಲಾರಿ ಇದೆಯಲ್ಲ ಎಂದು ಬೀಗಿತ್ತಿ ಶಮ್ಸುನ್ನಿಸಾ ಮೊದಲೇ ಹೇಳಿಬಿಟ್ಟಿದ್ದಳು.

ಕುಲ್ಸುಮಳ ಸ್ವಂತ ಚೊಚ್ಚಲಿಗೆ ಕರೆಯಲು ಯಾರೂ ಬಂದಿರಲಿಲ್ಲ. ತಾಯಿ ಸತ್ತಿದ್ದಳು, ತಂದೆ ಒಬ್ಬನೇ ಇದ್ದ. ಏಳು, ಎಂಟು, ಒಂಬತ್ತು ಮೂರೂ ತಿಂಗಳು ಇದೇ ಬಾವಿಯಲ್ಲಿ ನೀರು ಸೇದಿದಳು. ಹುಟ್ಟಿದ ಗಂಡುಕೂಸು ಅಳಲಿಲ್ಲ. ಮೂರು ವರ್ಷದ ಮೇಲೆ ರಜಿಯಾ ಹುಟ್ಟಿದಳು. ಆ ಕೂಸಿನ ಮಾತನ್ನು ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ, ಅವಳೂ ಆಡುತ್ತಿರಲಿಲ್ಲ.

ಚೌಡ ಹೋದ ಮೇಲೆ ಅವಳು ಗುಡಿಸಿದ ಅಂಗಳವನ್ನೇ ಇನ್ನೊಮ್ಮೆ ಗುಡಿಸಿದಳು. ಸಂಜೆ ಲಾರಿ ಬಂತು. ಮೊದಲು ಬಂದದ್ದು ಹಬೆ, ಆಮೇಲೆ ಲಾರಿ. ಮುನವ್ವರ ಇಳಿದು ಬೋನೆಟ್ ಎತ್ತಿ, ಕೈ ಸುಟ್ಟುಕೊಂಡು, ಟೋಪಿಯಿಂದ ಗಾಳಿ ಹಾಕಿದ.

"ಮುಗೀತು ಇದರ ಕಥೆ" ಎಂದ. "ಮೂರು ಮೈಲಿಗೆ ಒಂದ್ಸಲ ನೀರು ಕೇಳ್ತದೆ."

"ನಾಳೇನೇ ಸಿದ್ದಾಪುರಕ್ಕೆ ಹೋಗ್ಬೇಕು" ಎಂದಳು ಕುಲ್ಸುಮ್.

"ಇದರಲ್ಲಾ? ಸಿರ್ಸಿ ಕೂಡ ಮುಟ್ಟೋದಿಲ್ಲ. ಒಂಬತ್ತರಲ್ಲಿ ತಂದ್ರಾಯ್ತು ಬಿಡೇ."

"ಒಂಬತ್ತರಲ್ಲಿ ಶಮ್ಸುನ್ನಿಸಾ ಆಪಾ ಇನ್ನೊಂದು ಹೇಳ್ತಾರೆ. ದಾರಿ ಕುಲುಕ್ತದೆ ಅಂತಾರೆ. ಮಿಸ್ತ್ರಿನ್ನ ಕರ್ಕೊಂಡು ಬರ್ರಿ."

ಅವನು ಕೈಗೆ ಹಚ್ಚಲು ತುಪ್ಪ ಕೇಳಿದ. ಅವಳು ತುಪ್ಪ ಹಚ್ಚಿದಳು. ಹಚ್ಚುತ್ತಲೇ ಮತ್ತೆ ಹೇಳಿದಳು. ಊಟಕ್ಕೆ ಕೂತಾಗ ಹೇಳಿದಳು. ಅವನು ಮಗ್ಗುಲು ಬದಲಿಸಿದಾಗಲೂ ಹೇಳಿದಳು. ಬೆಳಿಗ್ಗೆ ಅವನು ಸಿರ್ಸಿಯ ಮೋಟಾರು ಹತ್ತಿದ.

ಶನಿವಾರ ಇಳಿಹೊತ್ತಿಗೆ ಇಸಾಕ್ ಮಿಸ್ತ್ರಿ ಬಂದ. ಮುಂಬೈಯ ಗ್ಯಾರೇಜಿನಲ್ಲಿ ಆರು ವರ್ಷ ಕೆಲಸ ಮಾಡಿ ಬಂದವನು, ಸಿರ್ಸಿ ಸುತ್ತಿನ ಎಲ್ಲ ಮೋಟಾರುಗಳೂ ಅವನ ಕೈಯಲ್ಲಿ ಹಾದುಹೋಗಿದ್ದವು. ಈ ಲಾರಿಯ ರೇಡಿಯೇಟರಿಗೆ ಹಿಂದೆ ಎರಡು ಸಲ ಬೆಸುಗೆ ಹಾಕಿದವನೂ ಅವನೇ. ಪರಗಂಡಸು ಅಂಗಳದಲ್ಲಿರುವಾಗ ಕುಲ್ಸುಮ್ ಹೊರಗೆ ಬರುವಂತಿರಲಿಲ್ಲ. ಅಡಿಗೆಮನೆಯ ಬಾಗಿಲಿಗೆ ಗೋಣಿಯ ಪರದೆ ಬಿತ್ತು. ಪರದೆಯ ಒಳಗಿಂದ ಚಹಾ ಹೋಯಿತು, ಕೈ ತೊಳೆಯಲು ಬಿಸಿನೀರು ಹೋಯಿತು, ಎಣ್ಣೆ ಒರೆಸಲು ಅವಳ ಹಳೇ ಸೀರೆಯ ತುಂಡು ಹೋಯಿತು. ನಟ್ಟು ಬೋಲ್ಟು ಹಾಕಿಡಲು ಊಟದ ತಾಟುಗಳು ಹೋದವು. ಆ ನಾಲ್ಕು ದಿನ ಅವಳು ಗಂಡಸರಿಗೆ ಬಡಿಸಿದ್ದು ಬಾಳೆಯೆಲೆಯಲ್ಲಿ, ತಾನು ತಿಂದದ್ದು ಬೋಗುಣಿಯಲ್ಲಿ.

ಇಸಾಕ್ ಲಾರಿಯ ಸುತ್ತ ಎರಡು ಸುತ್ತು ಬಂದು ರೇಡಿಯೇಟರಿಗೆ ಬೆರಳಿನಿಂದ ಬಡಿದ.

"ಹಳೇ ರೋಗವೇ. ಬೆಸುಗೆ ನಿಲ್ಲೋದಿಲ್ಲ ಇನ್ನು. ಇದನ್ನ ಇಳಿಸಿ ಹುಬ್ಬಳ್ಳಿಗೆ ಕಳಿಸ್ರಿ, ಒಳಗಿನ ನಳಿಗೆ ಎಲ್ಲಾ ಹೊಸದು ಹಾಕ್ತಾರೆ. ಎಂಟು ದಿನ."

ಪರದೆಯ ಒಳಗೆ ರೊಟ್ಟಿ ತಟ್ಟುವ ಸದ್ದು ನಿಂತಿತು.

"ರಜಿಯಾನ ಅಬ್ಬಾ," ಎಂದು ಒಳಗಿನಿಂದ ದನಿ ಬಂತು, "ಅವರಿಗೆ ಹೇಳ್ರಿ. ನೀರು ಹೊರಗೆ ಸೋರ್ತಾ ಇಲ್ಲ."

ಮುನವ್ವರ ಸಂಕೋಚದಿಂದ ನಕ್ಕ. "ಒಳಗಿಂದ ಹೇಳ್ತಾಳೆ, ನೀರು ಹೊರಗೆ ಸೋರೋದಿಲ್ಲ ಅಂತ."

"ಒಳಗೆ ಕೂತವರಿಗೆ ಹೊರಗಿನ ಸೋರಿಕೆ ಹೆಂಗೆ ಕಾಣ್ತದೆ ಕೇಳ್ರಿ" ಎಂದ ಇಸಾಕ್ ಬೀಡಿ ಹಚ್ಚುತ್ತ.

"ಅಂಗಳ ಗುಡಿಸೋಳು ನಾನು" ಎಂದಿತು ದನಿ, ಈ ಸಲ ಗಂಡನನ್ನು ನಡುವೆ ಕರೆಯದೆ. "ಮೊದ್ಲು ಬೆಸುಗೆ ಬಿಟ್ಟಾಗ ದಿನಾ ಬೆಳಿಗ್ಗೆ ಲಾರಿ ಮೂತಿ ಕೆಳಗೆ ಹಸಿ ಇರ್ತಿತ್ತು, ಬೂದಿ ಹಾಕಿ ಗುಡಿಸ್ತಿದ್ದೆ. ಈಗ ಎರಡು ತಿಂಗಳಾಯ್ತು, ಒಂದು ಹನಿ ಇಲ್ಲ, ನೆಲ ಒಣಾ ಒಣಾ. ಆದ್ರೂ ನಾಲ್ಕು ಕೊಡ ಕುಡೀತದೆ. ಆ ನೀರು ಎಲ್ಲಿ ಹೋಗ್ತದೆ?"

ಇಸಾಕ್ ಬೀಡಿಯನ್ನು ಬಾಯಿಂದ ತೆಗೆದ.

"ಇನ್ನೊಂದು. ಲಾರಿ ಹಿಂದೆ ನನ್ನ ಬಟ್ಟೆ ಒಣಗೋ ಹಗ್ಗ ಅದೆ. ಮೊದ್ಲು ಬೆಳಿಗ್ಗೆ ಲಾರಿ ಶುರು ಮಾಡಿದ್ರೆ ಬಟ್ಟೆ ಮೇಲೆ ಕರಿ ಕೂರ್ತಿತ್ತು, ಬಯ್ಕೋತಾ ಮತ್ತೆ ಒಗೀತಿದ್ದೆ. ಈಗ ಕರಿ ಕೂರೋದಿಲ್ಲ. ಒಣಗಿದ ಬಟ್ಟೆ ಮತ್ತೆ ಒದ್ದೆ ಆಗ್ತದೆ."

ಮಿಸ್ತ್ರಿ ಹಗ್ಗದ ಕಡೆ ನೋಡಿದ, ಸೈಲೆನ್ಸರಿನ ಕೊಳವೆಯ ಕಡೆ ನೋಡಿದ. "ಹ್ಯಾಂಡಲ್ ಹೊಡೀರಿ ಮುನವ್ವರಭಾಯಿ" ಎಂದ.

ಇಂಜಿನು ಕೆಮ್ಮಿ ಎದ್ದಿತು. ಹಿಂದಿನ ಕೊಳವೆಯಿಂದ ಬಿಳಿಯ ಹೊಗೆ ಹೊರಟು ಹೋಗಿ ಹಗ್ಗದ ಮೇಲಿನ ಲುಂಗಿಯನ್ನು ಮುಟ್ಟಿತು. ಇಸಾಕ್ ಕೊಳವೆಗೆ ಅಂಗೈ ಹಿಡಿದು, ಆ ಅಂಗೈ ನೋಡಿಕೊಂಡ. ಒದ್ದೆ. ರೇಡಿಯೇಟರಿನ ಮುಚ್ಚಳ ತೆಗೆದ. ನೀರಿನಲ್ಲಿ ಬೆರಳಿಟ್ಟ, ಇನ್ನೂ ಉಗುರುಬೆಚ್ಚಗೆ ಕೂಡ ಆಗಿರಲಿಲ್ಲ. ಆದರೂ ಅಕ್ಕಿ ಕುದಿ ಬಂದ ಹಾಗೆ ಗುಳ್ಳೆ ಏಳುತ್ತಿತ್ತು.

"ಕಾಯದೆ ಕುದೀತದೆ" ಎಂದ ತನಗೇ ಎಂಬಂತೆ. "ಗಾಳಿ ಇಂಜಿನಿನಿಂದ ನೀರಿಗೆ ಬರ್ತಾ ಅದೆ, ನೀರು ಇಂಜಿನಿಗೆ ಹೋಗ್ತಾ ಅದೆ."

ಇಂಜಿನು ನಿಲ್ಲಿಸಿ ನಾಲ್ಕು ಪ್ಲಗ್ಗುಗಳನ್ನೂ ಬಿಚ್ಚಿ ಸಾಲಾಗಿ ತಾಟಿನಲ್ಲಿಟ್ಟ. ಮೂರು ಪ್ಲಗ್ಗು ಒಲೆಯ ಕಲ್ಲಿನಂತೆ ಮಸಿ ಹಿಡಿದಿದ್ದವು. ಮುಂದಿನಿಂದ ಮೂರನೆಯದು ಆಗಷ್ಟೇ ಬೂದಿ ಹಾಕಿ ತಿಕ್ಕಿ ತೊಳೆದ ಲೋಟದಂತೆ ಫಳಫಳ ಎನ್ನುತ್ತಿತ್ತು. ತಾಟು ಪರದೆಯ ಕೆಳಗೆ ಹೋಯಿತು.

"ನೋಡ್ರಿ ಭಾಭಿ" ಎಂದ ಇಸಾಕ್. ಅವನ ಮಾತು ನೇರವಾಗಿ ಗೋಣಿಗೇ ಹೋಗಿತ್ತು. "ಮೂರನೇ ಸಿಲಿಂಡರ್. ಹಬೆ ತೊಳೆದುಬಿಟ್ಟದೆ. ಇಂಜಿನಿನ ಮೈಗೂ ತಲೆಗೂ ನಡುವೆ ಒಂದು ಪ್ಯಾಕಿಂಗ್ ಇರ್ತದೆ, ಅದು ಸುಟ್ಟದೆ. ಆದ್ರೆ ಯಾಕೆ ಸುಟ್ತು? ಅಷ್ಟು ಕಾಯೋಕೆ ಕಾರಣ ಬೇಕು. ರೇಡಿಯೇಟರ್ ಸೋರೋದು ನಿಂತದ್ದು ಹೆಂಗೆ?"

ಮುನವ್ವರ ಆಕಾಶ ನೋಡಿದ.

ಒಳಗೆ ಕುಲ್ಸುಮಳಿಗೆ ಕಾರಣ ಗೊತ್ತಿತ್ತು. ದೀಪಾವಳಿಯ ಮುಂಚೆ ಒಂದು ದಿನ ಮುನವ್ವರ ಅವಳ ಕೊಡವನ್ನು ಸಿರ್ಸಿಗೆ ಒಯ್ದಿದ್ದ. ತಂದಾಗ ಕೊಡದ ಒಳಮೈ ಕೆಂಪು, ಅಂಟು. ಮೂರು ದಿನ ತಿಕ್ಕಿದ್ದಳು. ಅದು ಚೊಗರು, ಅಡಿಕೆ ಬೇಯಿಸಿ ಉಳಿದ ರಸವನ್ನು ಬತ್ತಿಸಿದ ಕೆಂಪು ಮಂದ. ಬುಟ್ಟಿಗೆ ಬಳಿದರೆ ಸಂದು ಮುಚ್ಚುತ್ತದೆಂದು ಆ ಕಡೆಯ ಎಲ್ಲರಿಗೂ ಗೊತ್ತು. ಬುಟ್ಟಿಗೆ ಆಗುವುದು ರೇಡಿಯೇಟರಿಗೆ ಯಾಕಾಗದು ಎಂದು ಅಡಿಕೆ ಮಂಡಿಯಲ್ಲಿ ಯಾರೋ ಹೇಳಿರಬೇಕು. ಮಿಸ್ತ್ರಿಗೆ ಹೇಳಿದರೆ ಗಂಡನ ಮಾನ ಹೋಗುತ್ತದೆ. ಹೇಳದಿದ್ದರೆ ಹೊಸ ಪ್ಯಾಕಿಂಗೂ ಸುಡುತ್ತದೆ. ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಒಲೆಯ ಬಳಿ ಹೋದಳು, ಪರದೆಗೆ ಬಂದಳು, ಮತ್ತೆ ಹೋದಳು. ಶನಿವಾರ ಮುಗಿಯುತ್ತಿತ್ತು. ಈ ಹೊತ್ತಿಗೆ ರಜಿಯಾ ಬಾವಿಯ ಹತ್ತಿರ ಇರುತ್ತಾಳೆ.

"ಚೊಗರು ಹಾಕಿದ್ರಲ್ಲ, ಅದನ್ನ ಹೇಳ್ರಿ" ಎಂದಳು.



"ಎಷ್ಟು?" ಎಂದ ಇಸಾಕ್.

"ಅರ್ಧ ಕೊಡ" ಎಂದ ಮುನವ್ವರ. "ಸೋರೋದು ನಿಂತಿತ್ತು ಮಾರಾಯಾ, ಹದಿನೈದೇ ದಿನಕ್ಕೆ ನಿಂತಿತ್ತು!"

"ನಿಲ್ಲದೆ ಎಂತ! ನೀರು ಓಡಾಡೋದೂ ನಿಂತದೆ" ಎಂದು ಇಸಾಕ್ ತಲೆಯ ಮೇಲೆ ಕೈ ಹೊತ್ತ. "ರೇಡಿಯೇಟರಿಗೆ ಚೊಗರು ಕುಡಿಸಿದವರನ್ನ ಮುಂಬೈಯಲ್ಲಿ ನೋಡಿರಲಿಲ್ಲ ನಾನು. ಒಂದೆಲೆ ಸುಣ್ಣಾನೂ ಕೊಟ್ಟಿದ್ರೆ ಉಗೀತಿತ್ತು."

ಆ ರಾತ್ರಿ ಮುನವ್ವರ ಅವಳ ಹತ್ತಿರ ಮಾತಾಡಲಿಲ್ಲ. ಅವಳಿಗೆ ಅದನ್ನು ಗಮನಿಸಲು ಪುರುಸೊತ್ತಿರಲಿಲ್ಲ, ಮರುದಿನದ ಅಡಿಗೆಗೆ ಮೂವರ ಅಕ್ಕಿ ಆರಿಸಬೇಕಿತ್ತು.

ಭಾನುವಾರ ಇಂಜಿನಿನ ತಲೆ ಎತ್ತಿದರು. ಇಬ್ಬರು ಗಂಡಸರು ಎದೆ ಮಟ್ಟ ಎತ್ತಿ ಅವಳ ಮಣೆಯ ಮೇಲೆ ಇಟ್ಟರು. ಪ್ಯಾಕಿಂಗಿನಲ್ಲಿ ಮೂರನೇ ರಂಧ್ರಕ್ಕೂ ಪಕ್ಕದ ನೀರಿನ ಕಿಂಡಿಗೂ ನಡುವೆ ಕಿರುಬೆರಳು ಅಗಲದ ಪಟ್ಟಿ ಸುಟ್ಟು ಹೋಗಿತ್ತು. ಇಸಾಕ್ ಉಕ್ಕಿನ ಅಳತೆಪಟ್ಟಿ ಇಟ್ಟು ತಲೆಯ ಮೈ ಸಮ ಇದೆಯೇ ನೋಡಿದ. ಸಮ ಇತ್ತು. ಎಲ್ಲರಿಗೂ ಉಸಿರು ಬಂತು. ಅಷ್ಟರಲ್ಲಿ ಇಸಾಕ್ ಇನ್ನೊಂದು ಹೇಳಿದ. ಇಷ್ಟು ಹಳೇ ಇಂಜಿನಿನ ಪ್ಯಾಕಿಂಗು ಹುಬ್ಬಳ್ಳಿಯಲ್ಲಿ ಸಿಗುವುದಿಲ್ಲ, ಮುಂಬೈಗೆ ಬರೆಯಬೇಕು.

"ಎಷ್ಟು ದಿನ?" ಪರದೆ ಕೇಳಿತು.

"ಹತ್ತು. ಹನ್ನೆರಡು ಅನ್ಕೊಳ್ರಿ."

ಕುಲ್ಸುಮ್ ಹಿತ್ತಲ ಬಾಗಿಲಿನಿಂದ ಹೊರಬಿದ್ದು ಬಾವಿಗೆ ನಡೆದಳು, ಕೊಡ ಇಲ್ಲದೆ. ಬಾವಿಕಟ್ಟೆಯಲ್ಲಿ ನಾಗಿ ಇದ್ದಳು. ನಂದೊಳ್ಳಿಯಿಂದ ಸೌದೆ ಹೊರೆ ತಂದು ಮಾರುವವಳು, ದಾರಿಯಲ್ಲಿ ಇಲ್ಲಿ ನೀರು ಕುಡಿದು ಹೋಗುವುದು ರೂಢಿ.

"ಕೊಡ ಇಲ್ದೆ ಬಾವಿಗೆ ಬಂದೀಯಲ್ಲೇ ಕುಲ್ಸುಂಬೀ! ಹಾರೋಕೆ ಬಂದ್ಯಾ ಎಂತ?"

"ನಾ ಹಾರಿದ್ರೆ ಲಾರಿಗೆ ನೀರು ತರೋರ್ಯಾರು?"

ನಾಗಿ ನಕ್ಕಳು. ಕುಲ್ಸುಮ್ ನಗಲಿಲ್ಲ. ಬಾವಿಕಟ್ಟೆಯ ಮೇಲೆ ನಾಗಿ ಇಟ್ಟಿದ್ದ ತಾಮ್ರದ ತಂಬಿಗೆ ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಕುಲ್ಸುಮ್ ಅದನ್ನೇ ನೋಡುತ್ತ ನಿಂತಳು. ಆಮೇಲೆ ಹೇಳದೆ ಕೇಳದೆ ತಿರುಗಿ ಓಡುನಡಿಗೆಯಲ್ಲಿ ಮನೆಗೆ ಬಂದಳು.

ಅವಳು ಸಿರ್ಸಿಯ ಕಲಾಯಿ ಮಕ್ಬೂಲನ ಮಗಳು. ಹದಿನಾಲ್ಕು ವರ್ಷಕ್ಕೆ ಮದುವೆ ಆಗುವವರೆಗೂ ತಂದೆಯ ತಿದಿ ಒತ್ತಿದವಳು ಅವಳೇ. ತಾಮ್ರದ ಪಾತ್ರೆ ಕಾಯಿಸಿ, ನವಸಾಗರ ಉಜ್ಜಿ, ತವರ ಸವರುವ ಕೆಲಸ. ತೂತು ಪಾತ್ರೆಗೆ ತೇಪೆ ಹಾಕುವುದು, ಸಡಿಲ ಹಂಡೆಗಳ ಸಂದಿಗೆ ತಾಮ್ರದ ತೆಳು ತಗಡು ಕೂರಿಸುವುದು, ಎಲ್ಲ ಕೈಗೆ ಬಂದಿತ್ತು. ಮಗ ಇದ್ದಿದ್ದರೆ ಅಂಗಡಿ ಕೊಡುತ್ತಿದ್ದೆ ಎಂದು ತಂದೆ ಹೇಳುತ್ತಿದ್ದ. ಮಗಳಾದ್ದರಿಂದ ಒಂದು ತಾಮ್ರದ ಪರಾತ ಮಾಡಿ ಕೊಟ್ಟ. ಎರಡು ಮೊಳ ಅಗಲ, ಅಡಿ ಚಪ್ಪಟೆ, ಒಳಗೆ ಬೆಳ್ಳಿಯಂಥ ಕಲಾಯಿ. ಇಪ್ಪತ್ತೆರಡು ವರ್ಷ ಅವಳು ಅದರಲ್ಲಿ ಹಿಟ್ಟು ನಾದಿದ್ದಳು.

"ಮಿಸ್ತ್ರಿಭಾಯಿ," ಎಂದಳು ಪರದೆಯ ಹಿಂದೆ ನಿಂತು, ಏದುಸಿರು ಬಿಡುತ್ತ, "ತಾಮ್ರದ ತಗಡು ಒಂದೇ ತುಂಡು ಸಿಕ್ಕಿದ್ರೆ ಪ್ಯಾಕಿಂಗ್ ಕೊರೀಬಹುದಾ?"

"ಕೊರೀಬಹುದು. ಆದ್ರೆ ಅಷ್ಟಗಲ ಚಪ್ಪಟೆ ತಗಡು ಈ ಊರಲ್ಲಿ ಎಲ್ಲಿ ಅದೆ? ಮತ್ತೆ ತಾಮ್ರ ಬಿರುಸು ಭಾಭಿ. ಒತ್ತಿದ್ರೆ ಕೂರೋದಿಲ್ಲ."

"ಕೆಂಪಗೆ ಕಾಯಿಸಿ ನೀರಿಗೆ ಬಿಟ್ರೆ ಕೂರ್ತದೆ."

"ನೀರಿಗೆ ಬಿಟ್ರೆ ಇನ್ನೂ ಬಿರುಸಾಗ್ತದೆ!"

"ಅದು ಕಬ್ಬಿಣ. ತಾಮ್ರ ನೀರಿಗೆ ಬಿಟ್ರೆ ರೊಟ್ಟಿ ಹಂಗೆ ಬಾಗ್ತದೆ. ನೀವು ಲೋಹದವರಾಗಿ ಗೊತ್ತಿಲ್ವಾ?"

ಇಸಾಕ್ ಮುನವ್ವರನ ಮುಖ ನೋಡಿದ. "ಯಾರ ಮಗಳು ಇವರು?"

"ಕಲಾಯಿ ಮಕ್ಬೂಲ್ ಇದ್ರಲ್ಲ ನಿಮ್ಮ ಸಿರ್ಸಿಯಲ್ಲಿ..."

"ಅರೇ! ಮೊದ್ಲೇ ಹೇಳ್ಬಾರ್ದಾ? ಅವರ ಕೈಯಿಂದ ಕಲಾಯಿ ಆದ ಬಿರಿಯಾನಿ ಡೇಗು ನಮ್ಮ ಮನೆಯಲ್ಲಿ ಇನ್ನೂ ಅದೆ."

ಪರದೆ ಸ್ವಲ್ಪ ಸರಿಯಿತು. ಪರಾತ ನೆಲದ ಮೇಲೆ ಅರ್ಧ ಹೊರಗೆ ಬಂತು. ಅದರ ಇನ್ನೊಂದು ಅಂಚನ್ನು ಒಳಗಿನ ಕೈ ಬಿಡಲಿಲ್ಲ.

"ರಜಿಯಾನ ಅಬ್ಬಾ, ಇದನ್ನ ಕೊಡ್ತೇನೆ. ಸಿದ್ದಾಪುರಕ್ಕೆ ನಾನೂ ಬರ್ತೇನೆ."

"ನೀನಾ? ಲಾರಿ ಮೇಲೆ? ಜನ ಎಂತ ಅಂತಾರೆ?"

"ನೀವೊಬ್ರೇ ಹೋದ್ರೆ ಆಪಾ ಶರಬತ್ತು ಕೊಡ್ತಾರೆ, ನೀವು ಕುಡಿದು ಒಬ್ರೇ ಬರ್ತೀರಿ. ನನಗೆ ಗೊತ್ತು."

ಇಸಾಕ್ ಕೆಮ್ಮಿದ, ಅದು ಕೆಮ್ಮಾಗಿರಲಿಲ್ಲ. ಮುನವ್ವರ ಪರಾತವನ್ನು ನೋಡಿದ, ತಲೆ ಇಲ್ಲದ ಇಂಜಿನನ್ನು ನೋಡಿದ. "ಆಯ್ತು ಬಿಡು" ಎಂದ. ಆಮೇಲೆ ಕೈ ಪರಾತವನ್ನು ಬಿಟ್ಟಿತು.

ಸೋಮವಾರ ಇಸಾಕ್ ಹಳೇ ಪ್ಯಾಕಿಂಗನ್ನು ಪರಾತದ ತಳದ ಮೇಲಿಟ್ಟು ಮೊಳೆಯಿಂದ ಗೀರಿ, ಉಳಿಯಿಂದ ಕತ್ತರಿಸಿದ. ಒಂದೊಂದು ಏಟಿಗೂ ಒಳಗೆ ಅವಳ ಹಲ್ಲು ಕಚ್ಚಿಕೊಳ್ಳುತ್ತಿತ್ತು. ಕತ್ತರಿಸಿದ ತಗಡು ಅಡಿಗೆಮನೆಗೆ ಹೋಯಿತು. ಅವಳು ಒಲೆಯ ತುಂಬ ಇದ್ದಿಲು ಹಾಕಿ, ಊದುಕೊಳವೆ ಹಿಡಿದು, ಕರಗಿದ ತವರವನ್ನು ಅರಿವೆಯಿಂದ ಒರೆಸಿ ತೆಗೆದು, ತಗಡಿನ ಬಣ್ಣ ಕಾಯುತ್ತ ಕೂತಳು. ದಾಸವಾಳದ ಕೆಂಪು ಬಂದಾಗ ಇಕ್ಕಳದಿಂದ ಎತ್ತಿ ನೀರಿಗೆ ಬಿಟ್ಟಳು. ಇಸಾಕ್ ಅದನ್ನು ಕೈಗೆ ತೆಗೆದುಕೊಂಡಾಗ ಅದು ತನ್ನ ಭಾರಕ್ಕೇ ಬಾಗಿತು. ಅವನು ಅಂದು ಊಟವಾದ ಮೇಲೆ ತನ್ನ ಎಲೆ ತಾನೇ ಎತ್ತಿ ಎಸೆದ.

ಚೊಗರು ಬಿಡಿಸುವ ಕೆಲಸ ಇನ್ನೂ ಇತ್ತು. ಒಗೆಯುವ ಸೋಡಾ ಹಾಕಿದ ಕುದಿನೀರನ್ನು ರೇಡಿಯೇಟರಿಗೆ ಹೊಯ್ದು ಕೆಳಗಿನಿಂದ ಬಿಡಬೇಕು, ತಿಳಿನೀರು ಬರುವತನಕ. ಹದಿನಾರು ಕೊಡ ಹಿಡಿಯಿತು. ಸೇದಿದವರು ಕುಲ್ಸುಮ್ ಮತ್ತು ನಾಗಿ, ಕುದಿಸಿದವಳು ಕುಲ್ಸುಮ್, ಹೊಯ್ದವನು ಮುನವ್ವರ. ಮೊದಲು ರಕ್ತದಂಥ ನೀರು ಬಂತು, ಆಮೇಲೆ ಚಹಾದಂಥದು.

"ನಮ್ಮನೆ ಎಮ್ಮೆ ಇಷ್ಟು ನೀರು ಕುಡಿದಿದ್ರೆ ಹಾಲಾದ್ರೂ ಕೊಡ್ತಿತ್ತು" ಎಂದಳು ನಾಗಿ ಹಿತ್ತಲಲ್ಲಿ ಕೊಡ ಇಳಿಸುತ್ತ. "ಇದು ಹೊಗೆ ಕೊಡ್ತದೆ."

ಹದಿನಾರನೆಯದು ಬಹುಮಟ್ಟಿಗೆ ತಿಳಿಯಾಗಿತ್ತು. "ಅರ್ಧ ನಳಿಗೆ ತೆರೆದವೆ" ಎಂದ ಇಸಾಕ್. "ಉಳಿದದ್ದು ಹೋಗೋದಿಲ್ಲ. ನಿಧಾನ ಹೋಗ್ಬೇಕು."

ಮಂಗಳವಾರ ಕೆಂಪು ಸೀಸದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಕಲಸಿ ತಾಮ್ರದ ಎರಡೂ ಮೈಗೆ ಸವರಿ ಇಂಜಿನಿನ ತಲೆ ಕೂರಿಸಿದರು. ನಟ್ಟುಗಳನ್ನು ನಡುವಿನಿಂದ ಅಂಚಿಗೆ ಸ್ವಲ್ಪ ಸ್ವಲ್ಪವೇ ಬಿಗಿದರು. ಇಂಜಿನಿನ ಎಣ್ಣೆ ಹೊರಗೆ ಬಿಟ್ಟಾಗ ನೀರು ಬೆರೆತು ಹಳೇ ಮಜ್ಜಿಗೆಯಂತೆ ಬೆಳ್ಳಗಿತ್ತು, ಅದನ್ನೂ ಬದಲಿಸಿದರು. ಕತ್ತಲಾಗುವ ಹೊತ್ತಿಗೆ ಹ್ಯಾಂಡಲ್ ಹೊಡೆದರು. ಗುಳ್ಳೆ ಇಲ್ಲ. ಹಗ್ಗದ ಮೇಲೆ ಕುಲ್ಸುಮ್ ಬೇಕೆಂದೇ ಬಿಟ್ಟಿದ್ದ ಬಿಳಿ ದುಪಟ್ಟಾದ ಮೇಲೆ ಮಸಿ ಕೂತಿತು. ಅವಳು ಅದನ್ನು ಒಳಗೆ ತಂದು ಮಸಿಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು.

"ಇಷ್ಟಕ್ಕೇ ನಂಬಬೇಡ್ರಿ" ಎಂದ ಇಸಾಕ್. "ಆರಾರು ಮೈಲಿಗೆ ನಿಲ್ಸಿ, ಆರೋಕೆ ಬಿಟ್ಟು, ನಟ್ಟು ಬಿಗೀಬೇಕು. ಏರಿನಲ್ಲಿ ಜೋರಾಗಿ ಓಡಿಸಿದ್ರೆ ನಾನು ಕಾರಣ ಅಲ್ಲ."

ಬುಧವಾರ ನಸುಕಿಗೆ ಹೊರಟರು. ಕುಲ್ಸುಮ್ ಬುರ್ಖಾ ಹಾಕಿ ಮುಂದೆ ಕೂತಳು, ಕಾಲ ಬಳಿ ಒಂದು ಕೊಡ ನೀರು. ಸೋಡಾ ನೀರು ಕುದಿಸಿ ಹಾಳಾದ ಡಬ್ಬಗಳು ಮನೆಯಲ್ಲೇ ಉಳಿದಿದ್ದವು. ಇಸಾಕ್ ಸಿರ್ಸಿಯವರೆಗೆ ಹಿಂದೆ ಕೂತು ಬಂದ. ಆರು ಮೈಲಿಗೊಮ್ಮೆ ನಿಲ್ಲುವುದು, ಬೋನೆಟ್ ಎತ್ತುವುದು, ಕಾಯುವುದು. ಪ್ರತಿ ಸಲ ಅವಳು ಸೂರ್ಯನನ್ನು ನೋಡುತ್ತಿದ್ದಳು. ಗಾಡಿಯವರು ಹಿಂದೆ ಹಾಕಿ ಹೋದರು. ಸಿರ್ಸಿ ಮುಟ್ಟುವಷ್ಟರಲ್ಲಿ ಹನ್ನೊಂದು ಹೊಡೆದಿತ್ತು. ಇಸಾಕ್ ಇಳಿದು ರೇಡಿಯೇಟರಿನೊಳಗೆ ಕಡ್ಡಿ ಇಳಿಸಿ ನೋಡಿದ. ನೀರು ಎರಡು ಬೆರಳು ಇಳಿದಿತ್ತು, ಅಷ್ಟೇ.

"ಹೋಗ್ಬನ್ನಿ ಭಾಭಿ" ಎಂದ. "ನಿಮ್ಮ ಅಬ್ಬಾನ ತಾಮ್ರ ಹಿಡಿದದೆ."

ಆಚೆ ದಾರಿ ಇನ್ನೂ ಏರಿಳಿತ. ಮುನವ್ವರ ಎರಡು ಸಲ "ನಾಳೆ ಹೋದ್ರೆ ಆಗ್ತಿತ್ತು" ಎಂದ. ಅವಳ ಕೈ ಬುರ್ಖಾದ ಅಂಚನ್ನು ಸುತ್ತಿ ಬಿಚ್ಚಿ ಸುತ್ತುತ್ತಿತ್ತು. ಸಿದ್ದಾಪುರದ ಬೀಗರ ಮನೆಯ ಮುಂದೆ ಲಾರಿ ನಿಂತಾಗ ಬಿಸಿಲು ಮಾಡಿನ ಅಂಚಿಗೆ ಇಳಿದಿತ್ತು.

"ಬಂದ್ರಾ? ಬರ್ರಿ, ಬರ್ರಿ" ಎಂದಳು ಶಮ್ಸುನ್ನಿಸಾ ಬಾಗಿಲಲ್ಲಿ. "ನೀವು ಬರೋದಿಲ್ಲ ಅಂದ್ಕೊಂಡೆ. ಇವತ್ತೇ ಚಂದ್ರ ಕಾಣ್ತದೆ ಅಂತಾರೆ. ಇನ್ನೆಂತ ಈ ಹೊತ್ತಲ್ಲಿ! ಕೂತ್ಕೊಳ್ರಿ, ಶರಬತ್ತು ಮಾಡ್ತೇನೆ."

ಮುನವ್ವರ ಜಗಲಿಯ ಮೇಲೆ ಒಂದು ಕಾಲಿಟ್ಟ. ಕುಲ್ಸುಮ್ ಅವನ ಅಂಗಿಯ ತುದಿ ಹಿಡಿದಳು.

"ರಜಿಯಾ ಎಲ್ಲಿ ಆಪಾ?"

"ಇಲ್ಲೇ ಇದಾಳೆ, ನೀರಿಗೆ ಹೋಗಿದಾಳೆ. ನನಗೆ ಮಂಡಿನೋವು ನೋಡ್ರಿ, ಬಾವಿ ಕಡೆ ಹೋಗೋಕಾಗೋದಿಲ್ಲ. ಅವಳು ಹೋದ್ರೆ ಮನೆಯಲ್ಲಿ ಒಂದು ಚೊಂಬು ನೀರು ಕೊಡೋರಿಲ್ಲ."

ಆಗ ಕುಲ್ಸುಮಳಿಗೆ ಎಂಟನೇ ತಿಂಗಳ ವಿಷಯ ಪೂರಾ ಅರ್ಥವಾಯಿತು. ಮನೆಯ ಬದಿಯಿಂದ ರಜಿಯಾ ಬಂದಳು. ಮುಖ ಬತ್ತಿತ್ತು, ಹೊಟ್ಟೆ ಮುಂದಕ್ಕೆ ಬಂದಿತ್ತು. ತಲೆಯ ಮೇಲೊಂದು, ಸೊಂಟದ ಮೇಲೊಂದು. ತಾಯಿಯನ್ನು ಲಾರಿಯ ಪಕ್ಕದಲ್ಲಿ ನೋಡಿ ನಿಂತೇಬಿಟ್ಟಳು. ತಲೆಯ ಕೊಡ ತುಳುಕಿ ಮುಖದ ಮೇಲೆ ನೀರಿಳಿಯಿತು.

ಕುಲ್ಸುಮ್ ಹೋಗಿ ತಲೆಯ ಕೊಡ ಇಳಿಸಿದಳು, ಸೊಂಟದ್ದು ಇಳಿಸಿದಳು. ಎರಡನ್ನೂ ತಂದು ಶಮ್ಸುನ್ನಿಸಾಳ ಹೊಸ್ತಿಲ ಮೇಲೆ ಸಾಲಾಗಿ ಇಟ್ಟಳು.

"ಇವತ್ತಿನದು ಇಲ್ಲಿ ಅದೆ ಆಪಾ. ನಾಳೆಯದು ನಿಮ್ಮ ಮಗ ತರ್ತಾನೆ."

"ಚಂದ್ರ..."

"ಚಂದ್ರ ಕಾಣೋಕೆ ಇನ್ನೂ ಎರಡು ತಾಸು ಅದೆ. ಆ ಹೊತ್ತಿಗೆ ಇವಳು ನಿಮ್ಮ ಹೊಸ್ತಿಲಲ್ಲಿ ಇರೋದಿಲ್ಲ. ರಜಿಯಾನ ಅಬ್ಬಾ, ಹ್ಯಾಂಡಲ್ ಹೊಡೀರಿ."

"ಬಟ್ಟೆ..." ಎಂದಳು ರಜಿಯಾ.

"ನನ್ನದು ಅದೆ. ಹತ್ತು."

ಕಾನಸೂರಿಗೆ ಎರಡು ಮೈಲಿ ಇರುವಾಗ ಏರಿನಲ್ಲಿ ಇಂಜಿನಿನ ಬಾಯಿಂದ ತೆಳ್ಳಗೆ ಹಬೆ ಎದ್ದಿತು. ಮುನವ್ವರ ಬದಿಗೆ ನಿಲ್ಲಿಸಿ ಬೋನೆಟ್ ಎತ್ತಿದ. ರಜಿಯಾ ತಾಯಿಯ ಭುಜಕ್ಕೆ ಒರಗಿ ಆಗಲೇ ನಿದ್ದೆ ಹೋಗಿದ್ದಳು. ಅವಳ ಅಂಗೈ ಹಗ್ಗ ಉಜ್ಜಿ ಕೆಂಪಗಾಗಿತ್ತು. ಮರಗಳ ಸಂದಿನಲ್ಲಿ, ಸೂರ್ಯ ಹೋದ ಕಡೆಯಲ್ಲೇ, ಉಗುರು ಕತ್ತರಿಸಿದಂಥ ಚಂದ್ರ ಕಂಡಿತು.

ಹಬೆ ಇಳಿದ ಮೇಲೆ ಮುನವ್ವರ ಬಟ್ಟೆ ಹಿಡಿದು ಮುಚ್ಚಳ ತಿರುಗಿಸಿದ. ಕಡ್ಡಿ ಇಳಿಸಿದ. "ಗುಳ್ಳೆ ಇಲ್ಲ" ಎಂದ. "ನಾಲ್ಕು ಬೆರಳು ಇಳಿದದೆ. ಕೊಡ ಕೊಡು."

ಕೊಡ ಖಾಲಿಯಾಗಿತ್ತು. ಬರುವಾಗ ಅವನೇ ಸುರಿದಿದ್ದ. ರಸ್ತೆಯ ಕೆಳಗೆ, ಇಳಿಜಾರಿನ ತಳದಲ್ಲಿ, ಹಳ್ಳದ ಸದ್ದು ಕೇಳುತ್ತಿತ್ತು. ಅವನು ಕೊಡವನ್ನು ಅವಳ ಕಡೆ ಚಾಚಿದ, ರೂಢಿಯಂತೆ. ಕುಲ್ಸುಮ್ ತನ್ನ ಭುಜದ ಮೇಲಿನ ತಲೆಯನ್ನು ನೋಡಿದಳು, ಕೊಡವನ್ನು ನೋಡಿದಳು. ಇಳಿಯಲಿಲ್ಲ.

ಮುನವ್ವರ ಇನ್ನೂ ಸ್ವಲ್ಪ ಹೊತ್ತು ಕೊಡ ಚಾಚಿಕೊಂಡೇ ನಿಂತಿದ್ದ. ಆಮೇಲೆ ಲುಂಗಿ ಎತ್ತಿ ಕಟ್ಟಿ ಇಳಿಜಾರು ಹಿಡಿದ. ಕಲ್ಲು ಜಾರುವ ಸದ್ದು, ಒಂದು ಬೈಗುಳ, ನೀರಿನ ಗುಳುಗುಳು. ಏರಿ ಬರಲು ತುಂಬ ಹೊತ್ತು ಹಿಡಿಯಿತು. ಕೊಡವನ್ನು ಎದೆಗೆ ಅಪ್ಪಿಕೊಂಡಿದ್ದ, ಅಂಗಿಯೆಲ್ಲ ಒದ್ದೆ, ಕೊಡದಲ್ಲಿ ಅರ್ಧವೇ ಉಳಿದಿತ್ತು.

"ಎಂತಾ ಭಾರ ಇದು!" ಎಂದ ಏದುಸಿರಿನಲ್ಲಿ. "ಹಿಡಿಯೋದು ಹೆಂಗೆ ಇದನ್ನ?"

"ಸೊಂಟದ ಮೇಲೆ" ಎಂದಳು ಕುಲ್ಸುಮ್. "ಅರ್ಧ ಸಾಲೋದಿಲ್ಲ. ಇನ್ನೊಂದ್ಸಲ ಹೋಗ್ಬನ್ನಿ."